ಎರಡು ಕೂಗಳತೆ

ನಮ್ಮ ಸೋದರತ್ತೆಗೆ ಈಗ 74 ವರ್ಷ. ಮುಳುಗಿಹೋದ ಊರಲ್ಲಿ ನಮ್ಮನೆ ಎಲ್ಲಿತ್ತು ಅಂತ ಯಾವಾಗ ಕೇಳಿದರೂ ಅವರದು ಒಂದೇ ಉತ್ತರ. "ಹೊಳೆಯಿಂದ ಎರಡು ಕೂಗಳತೆ. ಮೇಲೆ ಕಾನು, ಕೆಳಗೆ ಗದ್ದೆ, ನಡುವೆ ನಮ್ಮನೆ." ಚಿಕ್ಕವಳಿದ್ದಾಗ ಇದನ್ನು ಕತೆಯ ಹಾಗೆ ಕೇಳಿಸಿಕೊಂಡು ಆಟಕ್ಕೆ ಓಡುತ್ತಿದ್ದೆ. ಕೂಗಳತೆ ಅಂದರೆ ಒಬ್ಬರು ಕೂಗಿ ಕರೆದರೆ ಇನ್ನೊಬ್ಬರಿಗೆ ಕೇಳುವಷ್ಟು ದೂರ ಅಂತ ಗೊತ್ತಿತ್ತು. ಅದನ್ನು ಅಳೆದು ನೋಡಬಹುದು ಅಂತ ಮಾತ್ರ ಯಾವತ್ತೂ ಅನ್ನಿಸಿರಲಿಲ್ಲ.

ಊರು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿತ್ತು, ಶರಾವತಿ ದಂಡೆಗೆ. ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿಂದ ಎದ್ದು ಬಂದ ಕೆಲವು ಮನೆಗಳ ಜಾಗದ ಕೇಸು ಇನ್ನೂ ನಡೆಯುತ್ತಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ನಮ್ಮವರನ್ನು ಲಾರಿಯಲ್ಲಿ ತಂದು ಶಿವಮೊಗ್ಗ ತಾಲ್ಲೂಕಿನ ಒಂದು ಕಾಡಂಚಿನಲ್ಲಿ ಇಳಿಸಿದರು. ಅತ್ತೆಗೆ ಆಗ ಹನ್ನೆರಡು ವರ್ಷ, ಅಪ್ಪನಿಗೆ ಏಳು. ಲಾರಿಯಲ್ಲಿ ಬಂದದ್ದು ಒಂದು ಒರಳು, ನೇಗಿಲು, ಎರಡು ಹಂಡೆ, ಮತ್ತೆ ಅಜ್ಜ ಹಟ ಹಿಡಿದು ಕಿತ್ತು ತಂದ ಬಾಗಿಲ ದಾರಂದ. ಆ ದಾರಂದ ಇವತ್ತಿಗೂ ನಮ್ಮನೆ ಬಾಗಿಲಿಗಿದೆ. ನಾನು ಹುಟ್ಟಿದ್ದು ಹೊಸ ಊರಲ್ಲಿ, ಆದರೆ ದಿನಾ ದಾಟುವ ಬಾಗಿಲು ಮಾತ್ರ ಹಳೇ ಊರಿನದು.

ಹುಡುಕಾಟ ಶುರುವಾದದ್ದು ಕಾಗದಕ್ಕಾಗಿ. ಚಿಕ್ಕಪ್ಪನ ಮಗ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದ. ಮುಳುಗಡೆಯಿಂದ ಬಂದವರು ಅನ್ನುವುದಕ್ಕೆ ಏನಾದರೂ ದಾಖಲೆ ತನ್ನಿ ಅಂದರು. ಆರು ದಶಕದ ಹಿಂದೆ ಕಾಡು ಕಡಿದು ಗದ್ದೆ ಮಾಡಿದ ಜಾಗದಲ್ಲಿ ಕೂತು, ನಾವು ಎಲ್ಲಿಂದ ಬಂದೆವು ಅಂತ ಈಗ ತೋರಿಸಬೇಕಿತ್ತು. ನಾನು ಅವನ ಜೊತೆ ತಿರುಗಿದೆ. ಹಳೇ ಪಹಣಿ, ಇಂಡೆಕ್ಸ್, ಆಕಾರ್‌ಬಂದ್ ಅಂತ ಸಿಕ್ಕಿದ್ದನ್ನೆಲ್ಲ ನಕಲು ತೆಗೆಸಿದೆವು. ಅಜ್ಜ ಉತ್ತ ಗದ್ದೆಯ ಸರ್ವೆ ನಂಬರ್ ಸಿಕ್ಕಿತು. ಅದರ ಎದುರು ಒಡೆಯರ ಹೆಸರಿತ್ತು. ಅಜ್ಜನ ಹೆಸರು ಎಲ್ಲೂ ಇರಲಿಲ್ಲ.

ಇರುವುದಾದರೂ ಹೇಗೆ? ನಮ್ಮದು ಗೇಣಿ ಮನೆ. ಅದೂ ಬಾಯಿಮಾತಿನ ಚಾಲಗೇಣಿ, ಒಡೆಯರು ಬಿಡು ಅಂದರೆ ಬಿಡಬೇಕು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ವಿಷಯಕ್ಕೇ ಅಲ್ವಾ. ಆದರೆ ಉಳುವವನ ಹೆಸರು ಪಹಣಿಗೆ ಏರುವಂಥ ಕಾನೂನು ಬಲವಾಗಿ ಬಂದದ್ದು 1974ರ ಮಾರ್ಚ್ 1ರಿಂದ. ಗೇಣಿ ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ಮಲೆನಾಡಿನ ಎಷ್ಟೋ ಮನೆಗಳು ಮೊದಲ ಸಲ ತಮ್ಮ ಹೆಸರನ್ನು ಸರ್ಕಾರದ ಕಾಗದದಲ್ಲಿ ಕಂಡವು. ನಮ್ಮ ಗದ್ದೆ ಅದಕ್ಕೆ ಹತ್ತು ವರ್ಷ ಮೊದಲೇ ನೀರಿನಡಿ ಹೋಗಿತ್ತು. ಯಾವ ಜಾಗಕ್ಕೆ ಅಂತ ಅಜ್ಜ ಅರ್ಜಿ ಹಾಕಬೇಕಿತ್ತು?

ಆಗ ಒಬ್ಬ ನಿವೃತ್ತ ಸರ್ವೆಯರ್ ನಮಗೆ ಸಿಕ್ಕರು. ನಮ್ಮ ಫೈಲೆಲ್ಲ ನೋಡಿ ಅವರು ಹೇಳಿದ್ದು ಇಷ್ಟೇ. "ಹೆಸರು ಹುಡುಕ್ತಾ ಕೂತ್ರೆ ಸಿಗಲ್ಲ ಕಣಮ್ಮ. ಜಾಗ ಹುಡುಕು."

ಅವರು ಮೊದಲು ಕಲಿಸಿದ್ದು ಗ್ರಾಮ ನಕ್ಷೆ ಓದುವುದನ್ನು. ನಮ್ಮ ಕಡೆಯ ಹಳೇ ಗ್ರಾಮ ನಕ್ಷೆಗಳು ಮೈಲಿಗೆ ಎಂಟು ಇಂಚು ಲೆಕ್ಕದವು. ಒಂದು ಇಂಚು ಅಂದರೆ 660 ಅಡಿ. ಅಳೆದದ್ದು 33 ಅಡಿಯ ಸರಪಳಿಯಲ್ಲಿ, ಹಾಗಾಗಿ ನಕ್ಷೆಯ ಒಂದು ಇಂಚಿಗೆ 20 ಸರಪಳಿ. ಸರಪಳಿಯ ಉದ್ದದಷ್ಟೇ ಅಗಲ ಇರುವ ಚೌಕವೇ ಗುಂಟೆ, ಅಂಥ 40 ಸೇರಿದರೆ ಎಕರೆ. ನಾನು ಹುಟ್ಟಿದಾಗಿಂದ ಗುಂಟೆ ಗುಂಟೆ ಅಂತ ಕೇಳಿದ್ದೇನೆ, ಅದು ಒಬ್ಬ ಮನುಷ್ಯ ಕಬ್ಬಿಣದ ಸರಪಳಿ ಎಳೆದುಕೊಂಡು ಕೆಸರಲ್ಲಿ ನಡೆದ ದೂರ ಅಂತ ಅವತ್ತು ಗೊತ್ತಾಯಿತು. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರಿನ ಗಡಿ, ಬಾಂದುಕಲ್ಲು, ಮೂರು ಊರಿನ ಗಡಿ ಸೇರುವ ಕಲ್ಲು, ಹಳ್ಳ, ಕೆರೆ, ಗಾಡಿದಾರಿ ಎಲ್ಲ ಇರುತ್ತದೆ. ಈಗ ರಾಜ್ಯದ ಸಾವಿರಾರು ಊರಿನ ನಕ್ಷೆಗಳನ್ನು ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರನ್ನೇ ಫೋನು ತೋರಿಸುತ್ತದೆ. ಸ್ವಂತ ಊರಿನ ಗ್ರಾಮ ನಕ್ಷೆಯನ್ನು ಒಮ್ಮೆಯೂ ನೋಡದವರು ಇವತ್ತೇ ನೋಡಿ. ಇದನ್ನು ಬಹಳ ಮನಸ್ಸಿನಿಂದ ಹೇಳುತ್ತಿದ್ದೇನೆ.

ಆದರೆ ಗ್ರಾಮ ನಕ್ಷೆಯಲ್ಲಿ ಗದ್ದೆ ಇತ್ತು, ಮನೆ ಇರಲಿಲ್ಲ. ಅದು ಕಂದಾಯಕ್ಕೆ ಮಾಡಿದ ನಕ್ಷೆ, ದುಡ್ಡು ಹುಟ್ಟುವ ಜಾಗದ ಮೇಲೇ ಅದರ ಕಣ್ಣು. ಮನೆಗೆ ಬೇರೆ ನಕ್ಷೆ ಬೇಕಿತ್ತು. ಅದು ಸರ್ವೆ ಆಫ್ ಇಂಡಿಯಾದ ಇಂಚು ನಕ್ಷೆ, ಒಂದು ಇಂಚಿಗೆ ಒಂದು ಮೈಲಿಯದು.

ಅದರ ಹಾಳೆ ನಂಬರು ಹಿಡಿಯುವುದು ಮೊದಲಿಗೆ ಗೋಜಲು, ಆಮೇಲೆ ಸಲೀಸು. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಉದ್ದದ ದೊಡ್ಡ ಚೌಕಕ್ಕೆ ಒಂದು ನಂಬರ್, ನಮ್ಮ ಸೀಮೆಯದು 48. ಅದನ್ನು ಒಂದೊಂದು ಡಿಗ್ರಿಯ 16 ಚೌಕ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಪೇಟೆಗಳು 48 ಒ ಚೌಕದಲ್ಲಿ. ಸೊರಬ, ಶಿಕಾರಿಪುರ, ಸಾಗರ ಪೇಟೆ 48 ಎನ್. ಸಾಗರದಿಂದ ಪಡುವಣಕ್ಕೆ ಇಳಿದರೆ 48 ಜೆ, ಅದರ ಕೆಳಗೆ 48 ಕೆ. ಈ ಒಂದೊಂದನ್ನೂ ಮತ್ತೆ 16 ಮಾಡಿದಾಗ ಸಿಗುವುದು ಒಂದು ಇಂಚು ನಕ್ಷೆಯ ಹಾಳೆ. ನಮ್ಮೂರು ಜೆ ಮತ್ತು ಕೆ ಸೇರುವ ಅಂಚಿಗೆ ಬಿದ್ದಿತ್ತು. ಮನೆಗಳು ಒಂದು ಹಾಳೆಯಲ್ಲಿ, ದನ ಮೇಯುವ ಬ್ಯಾಣ ಇನ್ನೊಂದರಲ್ಲಿ. ಒಂದು ಹಾಳೆ ಹಳೇ ಪುಸ್ತಕ ಕೂಡಿಡುವ ಹಿರಿಯರೊಬ್ಬರ ಹತ್ತಿರ ಸಿಕ್ಕಿತು, ಇನ್ನೊಂದಕ್ಕೆ ಎಂಟು ತಿಂಗಳು ಕಾದೆ.

ಕಾಯುವಾಗ ಸುಮ್ನೆ ಕೂರಲಿಲ್ಲ. ಅಮೆರಿಕದ ಸೇನೆಯವರು 1950ರ ದಶಕದಲ್ಲಿ ಮಾಡಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಅವು 1:2,50,000 ಸ್ಕೇಲಿನವು, ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ನಮ್ಮೂರಿನಂಥ ನಾಲ್ಕು ಮನೆ ಊರು ಅದರಲ್ಲಿ ಸಿಗುವುದಿಲ್ಲ. ಆದರೂ ಲಿಂಗನಮಕ್ಕಿ ನೀರು ತುಂಬುವುದಕ್ಕೆ ಮುಂಚಿನ ಕಣಿವೆ ಹೇಗಿತ್ತು, ಹೊಳೆ ಎಲ್ಲಿ ಬಳುಕುತ್ತಿತ್ತು ಅಂತ ಮೊದಲು ಕಣ್ಣಾರೆ ಕಂಡದ್ದು ಅದರಲ್ಲೇ. ರಾತ್ರಿ ಹನ್ನೊಂದು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತು ಆ ತೆಳು ನೀಲಿ ಗೆರೆಯನ್ನು ಬೆರಳಲ್ಲಿ ಮುಟ್ಟಿದ್ದು ನೆನಪಿದೆ. ನಾನು ಕಂಡ ಶರಾವತಿ ಯಾವಾಗಲೂ ಕಡಲಿನ ಹಾಗೆ ಹರಡಿಕೊಂಡ ಹಿನ್ನೀರು. ಅದು ಹರಿಯುವ ಹೊಳೆಯಾಗಿದ್ದು ಗೊತ್ತಿರಲಿಲ್ಲ ಅಂತಲ್ಲ, ಕಂಡಿರಲಿಲ್ಲ.

ನಕ್ಷೆ ಕೈಗೆ ಬಂದಾಗ ಮೊದಲು ಅದರ ಅಂಚು ಓದಬೇಕು. ನಾನು ಮೊದಲು ಮಾಡಿದ ತಪ್ಪೇ ಅದು, ಅಚ್ಚಾದ ವರ್ಷವನ್ನು ಅಳತೆಯ ವರ್ಷ ಅಂದುಕೊಂಡೆ. ಅಳತೆ ಒಂದು ಕಾಲದಲ್ಲಿ ಆಗಿರುತ್ತದೆ, ಅಚ್ಚು ಎಷ್ಟೋ ವರ್ಷದ ಮೇಲೆ, ನಡುವೆ ಒಂದೆರಡು ರಸ್ತೆ ಸೇರಿಸಿರುತ್ತಾರೆ, ಮನೆಗಳು ಮಾತ್ರ ಹಳೇ ಅಳತೆಯವೇ. ಅನುಮಾನ ಬಂದರೆ ಊರಿನ ದೊಡ್ಡ ಗುರುತುಗಳನ್ನು ಹಿಡಿದು ಕಾಲ ಲೆಕ್ಕ ಹಾಕಬಹುದು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ತಾಳಗುಪ್ಪ ಮುಟ್ಟಿದ್ದು ಸುಮಾರು ನಾಲ್ಕು ದಶಕದ ಮೇಲೆ. ಲಿಂಗನಮಕ್ಕಿಗೂ ಮುಂಚೆ ಇದೇ ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1940ರ ದಶಕದ ಕೊನೆಯದು. ನನ್ನ ಹಾಳೆಯಲ್ಲಿ ಆ ಅಣೆಕಟ್ಟಿನ ಸುಳಿವೇ ಇರಲಿಲ್ಲ. ಅಂದರೆ ಅದರಲ್ಲಿದ್ದದ್ದು ಅತ್ತೆ ಹುಟ್ಟುವುದಕ್ಕೂ ಹಿಂದಿನ ಊರು.

ಹೆಸರುಗಳದು ಇನ್ನೊಂದು ಪಾಡು. ಬಿದನೂರು ಬೆಡ್ನೋರ್ ಆಗಿದೆ, ಕವಲೇದುರ್ಗ ಕೌಲಿದ್ರೂಗ್. ಹಳೇ ಕಾಗದದಲ್ಲಿ ತೀರ್ಥಹಳ್ಳಿ ತಾಲ್ಲೂಕು ಹುಡುಕಿದರೆ ಸಿಗದೇ ಇರಬಹುದು, ಅದಕ್ಕೆ ಮೊದಲು ಕವಲೇದುರ್ಗ ತಾಲ್ಲೂಕು ಅಂತಲೇ ಹೆಸರು. ಹೊಸನಗರ ಪೇಟೆ ಮೊದಲು ಕಲ್ಲೂರುಕಟ್ಟೆ, ತಾಲ್ಲೂಕಿನ ಹೆಸರು ನಗರ. ಇಂಗ್ಲಿಷ್ ಅಕ್ಷರವನ್ನು ಕಣ್ಣಲ್ಲಿ ಓದದೆ ಬಾಯಲ್ಲಿ ಜೋರಾಗಿ ಓದಿ, ನಾಲ್ಕು ಸಲ ಬೇರೆ ಬೇರೆ ಥರ ಹೇಳಿ ನೋಡಿ. ನಮ್ಮೂರು ನನಗೆ ಸಿಕ್ಕಿದ್ದು ಐದನೇ ಸಲಕ್ಕೆ.

ಆ ಹೆಸರಿನ ಪಕ್ಕ ಕೆಂಪು ಚುಕ್ಕಿಯಂಥ ಎರಡು ಚೌಕ ಇದ್ದವು. ಎರಡೇ.

ಅತ್ತೆ ಲೆಕ್ಕದಲ್ಲಿ ಊರಲ್ಲಿ ಐದು ಮನೆ. ನಾನು ತೊಂಬತ್ತು ಪಾಲು ನಿರಾಸೆಯಿಂದ, ಹತ್ತು ಪಾಲು ಆಸೆಯಿಂದ ಆ ಹಾಳೆಯನ್ನು ಫ್ಲೆಕ್ಸ್ ಅಂಗಡಿಯಲ್ಲಿ ಚಾಪೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅತ್ತೆ ಮನೆಗೆ ಹೋದೆ. (ವಯಸ್ಸಾದವರಿಗೆ ಮೊಬೈಲಿನಲ್ಲಿ ನಕ್ಷೆ ತೋರಿಸಬೇಡಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹಾಸಿ.) ಜಗಲಿಯಲ್ಲಿ ಹಾಸಿ "ಅತ್ತೆ, ಇದು ನಿಮ್ಮೂರು" ಅಂದೆ. ಅವರು ಸುತ್ತ ಒಂದು ಸಲ ತಿರುಗಿದರು. ಆಮೇಲೆ ಆ ಹಾಳೆಯನ್ನೇ ಎಳೆದು ತಿರುಗಿಸಿ, ಹೊಳೆ ತಮ್ಮ ಕಾಲ ಹತ್ತಿರ ಬರುವ ಹಾಗೆ ಮಾಡಿಕೊಂಡು ಕೂತರು. ಉತ್ತರ ದಿಕ್ಕು ಮೇಲಿರಬೇಕು ಅನ್ನುವುದು ನಮ್ಮ ಶಾಲೆಯ ಪಾಠ. ಅವರಿಗೆ ಮನೆ ಮೇಲಿರಬೇಕು, ಹೊಳೆ ಕೆಳಗಿರಬೇಕು, ಏಕೆಂದರೆ ಅವರು ಹತ್ತಿದ್ದು ಇಳಿದದ್ದು ಹಾಗೇ.

ಆಮೇಲೆ ಬೆರಳು ನಡೆಯಿತು. ಹೊಳೆ ದಾಟುವ ಕಡವಿನಿಂದ ಶುರು. ಅಲ್ಲಿಂದ ಕಾಲುದಾರಿ, ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಸಂಕ ನಕ್ಷೆಯಲ್ಲಿಲ್ಲ, ಆದರೆ ಹಳ್ಳ ಇದೆ, ಚುಕ್ಕಿ ಚುಕ್ಕಿಯ ಕಾಲುದಾರಿ ಇದೆ. ಅತ್ತೆ ಅಕ್ಷರ ಕಲಿತವರಲ್ಲ. ಅವರ ಬೆರಳು ಆ ಚುಕ್ಕಿಗಳ ಮೇಲೇ ಹೋಗುತ್ತಿತ್ತು. "ಇಲ್ಲಿ ದಣಪೆ. ಇದು ದಾಟಿದ್ರೆ ಒಡೇರ ಬ್ಯಾಣ. ಇಲ್ಲಿ ಚೌಡಿ ಬನ, ಮುಟ್ಟಾದವ್ರು ಈ ಕಡೆ ಹೋಗೋ ಹಾಗಿಲ್ಲ, ಸುತ್ತು ಹೊಡೀಬೇಕು." ಮೇಲಿನ ಚೌಕದ ಹತ್ತಿರ ಬಂದು "ಇದೇ ನಮ್ಮನೆ" ಅಂದರು. ಸ್ಕೇಲ್ ಇಟ್ಟು ನೋಡಿದೆ. ಹೊಳೆಯಿಂದ ಅಲ್ಲಿಗೆ ಅರ್ಧ ಇಂಚಿಗೂ ಕಮ್ಮಿ, ಹತ್ತಿರ ಹತ್ತಿರ ಆರುನೂರ ಐವತ್ತು ಮೀಟರ್.

ಅಷ್ಟು ದೂರ ಕೂಗಿದರೆ ಕೇಳುತ್ತದೆಯೇ ಅಂತ ನನಗೆ ಅನುಮಾನ ಬಂತು. "ಎರಡು ಕೂಗು ಕಣೇ, ಒಂದಲ್ಲ" ಅಂದರು ಅತ್ತೆ. ಅಂದು ಸುಮ್ಮನಾದರು. ಬೆರಳು ಕೆಳಗಿನ ಚೌಕದ ಮೇಲೆ ನಿಂತಿತ್ತು.

"ಇದು ನಡುಮನೆ."

ನಾನು ಅವರ ಬಾಯಲ್ಲಿ ನಡುಮನೆ ಅನ್ನುವ ಮಾತು ಕೇಳಿದ್ದು ಅವತ್ತೇ ಮೊದಲು. ಇಷ್ಟು ವರ್ಷ ಐದು ಮನೆ ಅಂತ ಹೇಳುವಾಗಲೆಲ್ಲ ಯಾವ ಯಾವುದು ಅಂತ ನಾನೂ ಕೇಳಿರಲಿಲ್ಲ. ಹೊಳೆಗೂ ನಮ್ಮನೆಗೂ ಸರಿಯಾಗಿ ಮಧ್ಯ ಇನ್ನೊಂದು ಗೇಣಿ ಮನೆ, ಅಲ್ಲಿ ಅತ್ತೆಯ ವಾರಿಗೆಯ ಒಬ್ಬ ಹುಡುಗಿ. ಇಬ್ಬರೂ ಕೂಡಿ ದನ ಕಾಯುತ್ತಿದ್ದರಂತೆ. ಕಡವಿನಲ್ಲಿ ಯಾರಾದರೂ ನೆಂಟರು ಬಂದು ಕೂಗಿದರೆ ಅದು ನಡುಮನೆಗೆ ಕೇಳುತ್ತಿತ್ತು. ನಡುಮನೆಯವರು ಅಂಗಳಕ್ಕೆ ಬಂದು ಮತ್ತೊಂದು ಕೂಗು ಹಾಕಿದರೆ ನಮ್ಮನೆಗೆ ಕೇಳುತ್ತಿತ್ತು. ಎರಡು ಕೂಗಳತೆ ಅಂದರೆ ಅದು. ಮುಳುಗಡೆ ಹೊತ್ತಿಗೆ ಅವರನ್ನು ಬೇರೆ ಲಾರಿಗೆ ಹತ್ತಿಸಿದರು. ಬೇರೆ ಕಡೆ ಇಳಿಸಿದರು. ಎಲ್ಲಿ ಅಂತ ಅಜ್ಜ ಒಂದೆರಡು ವರ್ಷ ವಿಚಾರಿಸಿ, ಹೊಸ ಜಾಗದ ಕಷ್ಟದಲ್ಲಿ ಬಿಟ್ಟುಬಿಟ್ಟರು.

ಉಳಿದ ಮೂರು ಮನೆ ನಕ್ಷೆಯ ಅಳತೆ ಆದಮೇಲೆ ಎದ್ದವು ಅಂತ ಕಾಣುತ್ತದೆ. ಅಥವಾ ಸರ್ವೆಯವರು ಹತ್ತಿರ ಹತ್ತಿರದ ಗುಡಿಸಲುಗಳನ್ನು ಸೇರಿಸಿ ಒಂದೇ ಚೌಕ ಹಾಕಿರಬಹುದು, ಆ ಸ್ಕೇಲಿನಲ್ಲಿ ಹಾಗೆ ಮಾಡುತ್ತಾರೆ. ನಕ್ಷೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಹಿರಿಯರು ತಪ್ಪು ಹೇಳಿದರು ಅಂತ ತೀರ್ಮಾನ ಮಾಡಬೇಡಿ. ಹಿರಿಯರು ಹೇಳಿದರು ಅಂತ ನಕ್ಷೆಯನ್ನು ಮಡಚಿಡಲೂ ಬೇಡಿ. ಅತ್ತೆ ಅರವತ್ತು ವರ್ಷ ಬಾಯಿಗೆ ತರದ ಮನೆಯನ್ನು ನಮ್ಮ ಮುಂದೆ ಇಟ್ಟದ್ದು ಆ ಕಾಗದ.

ಇದರ ಜೊತೆ ಇನ್ನೊಂದು ಎಳೆ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ, ಇದ್ದದ್ದು ಕಣ್ಣಿಗೆ ಬಿತ್ತು.

ನಮ್ಮ ಮನೆಯವರನ್ನು ನೆಂಟರಲ್ಲಿ "ಕೊಪ್ಪದೋರು" ಅಂತ ಕರೆಯುತ್ತಾರೆ. ಮುಳುಗಿದ ಊರಿನ ಹೆಸರಲ್ಲಿ ಕೊಪ್ಪ ಇಲ್ಲ, ಈಗಿನ ಊರಲ್ಲೂ ಇಲ್ಲ. ಹಾಗಾದರೆ ಯಾವ ಕೊಪ್ಪ? ಅತ್ತೆಗೆ ಗೊತ್ತಿದ್ದದ್ದು ಎರಡೇ ಮಾತು. ತನ್ನ ಅಜ್ಜ ಚಿಕ್ಕವನಿದ್ದಾಗ ಅಲ್ಲಿ ಜ್ವರಗಡ್ಡೆ ಬಂದು ಮನೆ ಮನೆ ಖಾಲಿಯಾಯಿತು, ಉಳಿದವರು ಹೊಳೆಬದಿಗೆ ಬಂದರು. ಕೊಪ್ಪದ ಕೆರೆ ಏರಿ ಮೇಲೆ ಎರಡು ಮಾಸ್ತಿಕಲ್ಲು ಇದ್ದವು. ಪ್ರತಿ ವರ್ಷ ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಗದ್ದೆಗೆ ಚರಗ ಚೆಲ್ಲುವಾಗ ಒಂದು ಎಡೆಯನ್ನು "ಹಳೇ ಮನೆಗೆ" ಅಂತ ಬೇರೆ ಇಡುತ್ತಾರೆ. ಆ ಹಳೇ ಮನೆ ಮುಳುಗಿದ ಮನೆ ಅಂತ ನಾನು ಅಂದುಕೊಂಡಿದ್ದೆ. ಅತ್ತೆ ಹೇಳಿದರು, ಮುಳುಗಿದ ಮನೆಯಲ್ಲಿ ಇದ್ದಾಗಲೂ ಹಾಗೇ ಇಡುತ್ತಿದ್ದರು ಅಂತ.

ಮಲೆನಾಡಿನಲ್ಲಿ ಕೊಪ್ಪ ಹುಡುಕುವುದು ಅಂದರೆ ಅಡಿಕೆ ರಾಶಿಯಲ್ಲಿ ಒಂದು ಅಡಿಕೆ ಹುಡುಕಿದ ಹಾಗೆ. ಸಣ್ಣ ಊರಿಗೆಲ್ಲ ಕೊಪ್ಪ ಅಂತಲೇ ಹೆಸರು. ಇಲ್ಲಿನ ಊರ ಹೆಸರೇ ಒಂದು ನಕ್ಷೆ. ಮಕ್ಕಿ ಅಂದರೆ ಮಳೆ ನಂಬಿದ ಮೇಲುಗದ್ದೆ, ಲಿಂಗನಮಕ್ಕಿಯಲ್ಲೂ ಅದೇ ಮಕ್ಕಿ ಇದೆ, ಗದ್ದೆಯ ಹೆಸರು ಹೊತ್ತ ಅಣೆಕಟ್ಟಿನ ಹಿಂದೆ ಅಷ್ಟು ಗದ್ದೆ ಮುಳುಗಿದೆ. ಹಕ್ಕಲು, ಬೈಲು, ಕಟ್ಟೆ, ಸರ, ಕಾನು, ಒಂದೊಂದು ಮಾತೂ ಆ ನೆಲ ಹೇಗಿತ್ತು ಅಂತ ಹೇಳುತ್ತದೆ. ಕಾನು ಅಂತ ಕಂಡರೆ ನಿಲ್ಲಿ. ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಇಬ್ಬರು ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದಾರೆ. ಆ ಕಾನುಗಳಲ್ಲಿ ಮೆಣಸಿನ ಬಳ್ಳಿ, ಬಗನಿ ಮರ, ಜನರ ಓಡಾಟ ಎಲ್ಲ ಇತ್ತು. ಕಾನು ಅಂದರೆ ಬರೀ ಕಾಡಲ್ಲ, ಹತ್ತಿರದಲ್ಲೆಲ್ಲೋ ಒಂದು ಊರು ಅದನ್ನು ನೋಡಿಕೊಳ್ಳುತ್ತಿತ್ತು.

ಹಾಳೆಯಲ್ಲಿ ಕಣ್ಣಿಗೆ ಬಿದ್ದ ಕೊಪ್ಪಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಬರೆದೆ. ಒಂದೊಂದರ ಗ್ರಾಮ ನಕ್ಷೆ ಇಳಿಸಿ ಕೆರೆ ಇದೆಯಾ ನೋಡಿದೆ. ಕೊನೆಗೆ ಮೂರು ಉಳಿದವು. ಅದರಲ್ಲಿ ಒಂದಕ್ಕೆ ದಾಖಲೆಯಲ್ಲಿ "ಬೇಚರಾಕ್" ಅಂತ ಬರೆದಿತ್ತು. ಜನವಸತಿ ಇಲ್ಲದ ಊರಿಗೆ ಕಂದಾಯದವರು ಬಳಸುವ ಮಾತು ಅದು. ಎಷ್ಟೋ ಸಲ ಓದಿದ್ದರೂ ಅರ್ಥ ಹುಡುಕಿರಲಿಲ್ಲ. ಪಾರ್ಸಿಯಲ್ಲಿ ಚಿರಾಗ್ ಅಂದರೆ ದೀಪ. ಬೇಚಿರಾಗ್ ಅಂದರೆ ದೀಪ ಇಲ್ಲದ್ದು, ದೀಪ ಹಚ್ಚುವವರಿಲ್ಲದ ಊರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮಲೇರಿಯ, ಪ್ಲೇಗು, 1918ರ ಇನ್‌ಫ್ಲುಯೆಂಜಾ ಒಂದರ ಮೇಲೊಂದು ಬಂದು ಮಲೆನಾಡಿನ ಎಷ್ಟೋ ಊರುಗಳ ದೀಪ ಆರಿತು. ಇಲ್ಲಿ ಜನ ಕಮ್ಮಿಯಾಗುತ್ತಿದ್ದಾರೆ ಅಂತ ಮೈಸೂರು ಸರ್ಕಾರವೇ ಚಿಂತೆಗೆ ಬಿದ್ದಿತ್ತು.

ಆ ಜಾಗಕ್ಕೆ ಹೋಗಿ ಬಂದೆ. ಈಗ ಪೂರಾ ಅಕೇಶಿಯಾ ನೆಡುತೋಪು. ಕೆರೆ ಹೂಳು ತುಂಬಿ ಕೆರೆಯ ಆಕಾರ ಮಾತ್ರ ಇದೆ. ಏರಿ ಮೇಲೆ ಒಂದು ಮಾಸ್ತಿಕಲ್ಲು ಇದೆ, ಕೈ ಎತ್ತಿದ ಹೆಂಗಸು, ಬಳೆ ಎಣಿಸಬಹುದು. ಒಂದೇ ಇದೆ, ಎರಡಿಲ್ಲ. ಇದೇ ನಮ್ಮ ಕೊಪ್ಪ ಅನ್ನುವುದಕ್ಕೆ ನನ್ನ ಹತ್ತಿರ ಯಾವ ಕಾಗದವೂ ಇಲ್ಲ. ಅಲ್ಲವೇ ಅಲ್ಲ ಅನ್ನುವುದಕ್ಕೂ ಇಲ್ಲ. ಅತ್ತೆಗೆ ಫೋಟೋ ತೋರಿಸಿದೆ. ಅವರು ಆ ಕಲ್ಲನ್ನು ಯಾವತ್ತೂ ಕಂಡವರಲ್ಲ, ಆದರೂ ಬಹಳ ಹೊತ್ತು ನೋಡಿ "ಎಣ್ಣೆ ಹಾಕಿದ್ಯಾ?" ಅಂದರು. ಹಾಕಿರಲಿಲ್ಲ. ಮುಂದಿನ ಸಲ ಹೋದಾಗ ಹಾಕಿ ಬಂದೆ.

ಇನ್ನು ಮುಳುಗಿದ ಮನೆಯ ಜಾಗ. ಇಂಚು ನಕ್ಷೆಯನ್ನು ಸ್ಕ್ಯಾನ್ ಮಾಡಿ ಕ್ಯೂಜಿಐಎಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿದೆ. ಹಳೇ ನಕ್ಷೆಯಲ್ಲೂ ಇವತ್ತಿನ ಉಪಗ್ರಹ ಚಿತ್ರದಲ್ಲೂ ಇರುವ ಜಾಗಗಳನ್ನು ಜೋಡಿ ಮಾಡಿ ಕೂರಿಸಬೇಕು. ರಸ್ತೆ ನಂಬಬೇಡಿ, ರಸ್ತೆ ಸರಿಯುತ್ತದೆ. ಗುಡ್ಡದ ನೆತ್ತಿ, ಹಳೇ ದೇವಸ್ಥಾನ, ಎರಡು ಹಳ್ಳ ಕೂಡುವ ಜಾಗ ಒಳ್ಳೆಯದು. ನಮಗೆ ಹಳ್ಳ ಕೂಡುವ ಜಾಗಗಳೆಲ್ಲ ನೀರಿನಡಿ, ಹಾಗಾಗಿ ಗುಡ್ಡದ ನೆತ್ತಿಗಳೇ ಗತಿ. ನಕ್ಷೆಯಲ್ಲಿರುವ ಅಕ್ಷಾಂಶ ರೇಖಾಂಶವನ್ನು ಹಾಗೇ ಜಿಪಿಎಸ್‌ಗೆ ಹೊಡೆದರೆ ಜಾಗ ತಪ್ಪುತ್ತದೆ, ಹಳೇ ನಕ್ಷೆಗಳ ಲೆಕ್ಕ ಭೂಮಿಯ ಆಕಾರಕ್ಕೆ ಆಗಿನವರು ಹಿಡಿದ ಎವರೆಸ್ಟ್ ಅನ್ನುವ ಅಳತೆಯದು, ಜಿಪಿಎಸ್‌ನದು ಬೇರೆ. ಇನ್ನೂ ಹಳೆಯ ಹಾಳೆಗಳಲ್ಲಿ ರೇಖಾಂಶವೇ 2 ಮಿನಿಟು 27 ಸೆಕೆಂಡಿನಷ್ಟು ಆಚೆ ಇರುತ್ತದೆ, ನಮ್ಮ ಕಡೆ ಅದು ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಮಲೆನಾಡಿನಲ್ಲಿ ನಾಲ್ಕು ಕಿಲೋಮೀಟರ್ ಅಂದರೆ ಬೇರೆಯೇ ಕಣಿವೆ. ಆರು ಗುಡ್ಡ ಜೋಡಿಸಿದ ಮೇಲೆ ಕೆಂಪು ಚೌಕಗಳು ನೀಲಿ ನೀರಿನ ಮೇಲೆ ಹೋಗಿ ಕೂತವು. ದಡದಿಂದ ಜಾಸ್ತಿ ದೂರ ಇರಲಿಲ್ಲ. ಮಳೆ ತಡವಾಗಿ ನೀರು ತೀರಾ ಇಳಿದ ವರ್ಷ ಅಲ್ಲಿ ನೆಲ ಕಾಣುತ್ತದೆ ಅನ್ನಿಸಿತು.

ಅಂಥ ಒಂದು ಬೇಸಿಗೆಗೆ ಕಾದೆವು. ಸೇತುವೆ ಆಗುವ ಮುಂಚಿನ ಮಾತು ಇದು. ಈಗ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2025ರ ಜುಲೈಯಲ್ಲಿ ಶುರುವಾದ ಸೇತುವೆ ಮೇಲೆ ಕಾರಲ್ಲಿ ನಾಲ್ಕು ನಿಮಿಷಕ್ಕೆ ದಾಟಿಬಿಡಬಹುದು. ನಾವು ಲಾಂಚಿನಲ್ಲಿ ದಾಟಿ, ಜೀಪು ಹಿಡಿದು, ಆಮೇಲೆ ನಡೆದೆವು. ಅತ್ತೆ, ನಾನು, ಚಿಕ್ಕಪ್ಪನ ಮಗ. ಆ ವರ್ಷ ಹಿರೇಭಾಸ್ಕರದ ಹಳೇ ಕಟ್ಟೆಯೂ ನೀರಿಂದ ಮೇಲೆದ್ದು ಜನ ಸಾಲುಗಟ್ಟಿ ನೋಡಲು ಹೋಗುತ್ತಿದ್ದರು. ನಾವು ಹೋದ ಕಡೆ ಯಾರೂ ಇರಲಿಲ್ಲ. ಒಡೆದ ಕೆಸರು, ಅರವತ್ತು ವರ್ಷವಾದರೂ ಕೊಳೆಯದೆ ನಿಂತ ಮರದ ಬೊಡ್ಡೆಗಳು. ಗದ್ದೆ ಬದುವಿನ ಗೆರೆಗಳು ಇನ್ನೂ ಇದ್ದವು. ಗ್ರಾಮ ನಕ್ಷೆಯ ಪ್ರಿಂಟ್ ಕೈಲಿ ಹಿಡಿದು ಆ ಬದುಗಳ ಮೇಲೆ ನಡೆಯುವಾಗ ನನಗೆ ಮಾತೇ ಬರಲಿಲ್ಲ.

ಫೋನು ತೋರಿಸಿದ ಜಾಗದಲ್ಲಿ ಜಂಬಿಟ್ಟಿಗೆ ಕಲ್ಲಿನ ಒಂದು ಸಾಲು, ಅರ್ಧ ಹೂತ ಬಾವಿಕಟ್ಟೆ. ಅತ್ತೆ ನೋಡಿ ತಲೆ ಅಲ್ಲಾಡಿಸಿದರು. "ಇದು ನಮ್ಮದಲ್ಲ. ನಡುಮನೆ ಬಾವಿ ಇದು. ನಮ್ಮದು ಇನ್ನೂ ಮೇಲೆ." ನನ್ನ ಜೋಡಣೆ ಒಂದು ಮನೆಯಷ್ಟು ಕೆಳಗೆ ಜಾರಿತ್ತು. ಅವರೇ ಮುಂದೆ ನಡೆದು ಮೇಲೆ ಹತ್ತಿ, ಒಂದು ಕಡೆ ನಿಂತು ಕೋಲು ಊರಿದರು. ಅಲ್ಲಿ ಒಂದು ಒರಳುಕಲ್ಲಿನ ಗುಳಿ, ಮೆಟ್ಟಿಲಿನ ಎರಡು ಚಪ್ಪಡಿ. ಚಪ್ಪಡಿಯ ಮೇಲಿನ ಕೆಸರನ್ನು ಸೆರಗಿನಿಂದ ಒರೆಸಿದರು. ದಾರಂದ ನಿಂತಿದ್ದ ಎರಡು ತೂತು ಹಾಗೇ ಇದ್ದವು. ಚಿಕ್ಕಪ್ಪನ ಮಗ ಅಳತೆ ಪಟ್ಟಿ ಹಿಡಿದು ಎರಡರ ನಡುವಿನ ಅಗಲ ಬರೆದುಕೊಂಡ. ಮನೆಗೆ ಬಂದ ಮೇಲೆ ನಮ್ಮ ಬಾಗಿಲಿಗೆ ಹಿಡಿದು ನೋಡಿದೆವು, ಸರಿಯಾಗಿತ್ತು.

ಆಮೇಲೆ ಅತ್ತೆ ನನ್ನನ್ನು ಅಲ್ಲೇ ಚಪ್ಪಡಿ ಮೇಲೆ ನಿಲ್ಲಿಸಿದರು. ಅವನನ್ನು ನಡುಮನೆ ಬಾವಿಕಟ್ಟೆ ಹತ್ತಿರ ನಿಲ್ಲಿಸಿದರು. ತಾವು ಒಬ್ಬರೇ ಕೋಲೂರಿಕೊಂಡು ನೀರಿನ ಕಡೆ ಇಳಿದು ಹೋದರು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಅಷ್ಟು ದೂರದಲ್ಲಿ ಒಂದು ಸಣ್ಣ ನೀಲಿ ಸೀರೆ ನಿಂತದ್ದು ಕಂಡಿತು. ಅವರು ಬಾಯಿಗೆ ಕೈ ಇಟ್ಟುಕೊಂಡದ್ದು ಕಂಡಿತು. ನನಗೇನೂ ಕೇಳಲಿಲ್ಲ. ಬಾವಿಕಟ್ಟೆ ಹತ್ತಿರ ಅವನು ತಿರುಗಿ ನನ್ನ ಕಡೆ ನೋಡಿ ಕೂಗಿದ. "ಅಕ್ಕಾ... ನಡುಮನೆ ಹುಡುಗಿಯ ಹೆಸರು ಬರ್ಕೋಬೇಕಂತೆ..."